ಒಂದನೇ ತಾರೀಕು, ಹನ್ನೊಂದು ಗಂಟೆ

“ಅಯ್ಯೋ, ಒದ್ದೆ ಕೈಯಲ್ಲಿ ಅದನ್ನ ಮುಟ್ಟಬೇಡಿ!” ಟೈಲರಮ್ಮ ಮಹಡಿಯ ಮೆಟ್ಟಿಲಿಂದಲೇ ಕೂಗಿದಳು.

ಅಂಗಳದ ಗೋಡೆಯಲ್ಲಿದ್ದ ಪ್ಲಗ್ಗಿನ ಮುಚ್ಚಳ ಎತ್ತಿ ಫ್ಯಾನಿನ ವೈರು ಸಿಕ್ಕಿಸಲು ಹೊರಟಿದ್ದವನು ಬೆಚ್ಚಿ ಕೈ ಹಿಂದೆಗೆದ. ತೀರಿಕೊಂಡವನ ಅಕ್ಕನ ಮಗ ಅವನು. ಸೋದರಮಾವನನ್ನು ಕಳಿಸಿಕೊಟ್ಟು ಬಂದು ಆಗಷ್ಟೇ ಕೈ ತೊಳೆದಿದ್ದ.

“ಮೊದಲು ಕೈ ಒರೆಸ್ಕೊಳ್ಳಿ. ಸ್ವಿಚ್ ಆಫ್ ಮಾಡಿ. ವೈರು ಮೇಲಿಂದ ನೇರ ಬರಬಾರದು, ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗ್ಬೇಕು. ಮಳೆ ನೀರು ಅಲ್ಲೇ ತೊಟ್ಟಿಕ್ಕತ್ತೆ, ಪ್ಲಗ್ಗಿಗೆ ಹೋಗಲ್ಲ.”

“ನಿಮಗೆ ಇದೆಲ್ಲ ಯಾರು ಹೇಳಿದ್ರು?”

“ಇನ್ಯಾರು, ನಿಮ್ಮ ಮಾವ. ಹದಿನಾಲ್ಕು ವರ್ಷ ಬಾಡಿಗೆಗಿದ್ದೀನಿ, ಹದಿನಾಲ್ಕು ವರ್ಷವೂ ಇದೇ ಪಾಠ.”

ಬೀದಿಯವರ ಬಾಯಲ್ಲಿ ಆತ ಮೀಟರಪ್ಪ. ಮೂವತ್ತೆರಡು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು. ಎಲ್ಲ ಮನೆಗಳ ಹೊರಗೋಡೆ ಅವನಿಗೆ ಗೊತ್ತಿತ್ತು; ಒಳಗೆ ಕೂತು ಒಂದು ಲೋಟ ನೀರು ಕುಡಿದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮದುವೆಯ ಮಾತೆತ್ತಿದರೆ, “ಎಲ್ಲರ ಮೀಟರ್ ಓದೋದ್ರಲ್ಲಿ ನಂದು ಓಡಿದ್ದೇ ಗೊತ್ತಾಗ್ಲಿಲ್ಲ” ಎಂದು ನಗುತ್ತಿದ್ದ.

ಬಂದ ಏಳೆಂಟು ಜನವೂ ಒಂದೇ ಮಾತು ಹೇಳಿ ಎದ್ದರು: ಒಳ್ಳೇ ಮನುಷ್ಯ, ಒಬ್ಬರ ತಂಟೆಗೆ ಹೋದವನಲ್ಲ. ಅದರ ಮುಂದಿನ ಮಾತು ಯಾರ ಹತ್ತಿರವೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಅಂಗಳದಲ್ಲಿ ಉಳಿದವರು ಅಕ್ಕ, ಅವಳ ಮಗ, ಟೈಲರಮ್ಮ.

“ಯಾವತ್ತು ಹೋದ ಅಂತ ಡಾಕ್ಟರಿಗೂ ಸರಿಯಾಗಿ ಗೊತ್ತಿಲ್ವಂತೆ,” ಎಂದಳು ಅಕ್ಕ. “ಮೂವತ್ತನೇ ತಾರೀಕೋ, ಒಂದನೇ ತಾರೀಕೋ ಅಂತಾರೆ.”

“ಯಾವತ್ತಾದ್ರೆ ಏನೀಗ, ಬಿಡಮ್ಮ.”

“ನಿಂಗೇನೋ ಗೊತ್ತು? ಒಂದನೇ ತಾರೀಕು ಮಧ್ಯಾಹ್ನ ಫೋನ್ ಮಾಡಿದ್ದೆ. ಮೂರು ಸಲ. ಎತ್ತಲಿಲ್ಲ.” ಅಕ್ಕ ಟೈಲರಮ್ಮನ ಕಡೆ ತಿರುಗಿದಳು. “ನಾಲ್ಕು ತಿಂಗಳಿಂದ ನಮಗೆ ಮಾತಿರ್ಲಿಲ್ಲಮ್ಮ. ನನ್ನ ಜೊತೆ ಬಂದಿರು ಅಂದೆ, ಇಲ್ಲಿನ ಲೈನು ಯಾರು ನೋಡ್ಕೋತಾರೆ ಅಂದ. ಎಲ್ಲಿತ್ತೋ ಕೋಪ, ಹಾಗಾದ್ರೆ ಆ ಪ್ಲಗ್ಗನ್ನೇ ಕಟ್ಕೊಂಡು ಸಾಯಿ ಅಂದ್ಬಿಟ್ಟೆ. ತಪ್ಪಾಯ್ತು ಕಣೋ ಅನ್ನೋಕೇ ಫೋನ್ ಮಾಡಿದ್ದು. ಬದುಕಿದ್ದೂ ಎತ್ತಲಿಲ್ವೋ, ಹೋದ ಮೇಲೆ ಬಡ್ಕೊಂಡಿತೋ?”

ಅಕ್ಕ ಕುರ್ಚಿಯನ್ನು ಟೈಲರಮ್ಮನ ಹತ್ತಿರಕ್ಕೆ ಎಳೆದುಕೊಂಡಳು.

“ಪ್ರತಿ ತಿಂಗಳು ಒಂದನೇ ತಾರೀಕು, ಹನ್ನೊಂದು ಗಂಟೆಗೆ ಅದೇನೋ ಬಟನ್ ಒತ್ತಿ ನೋಡ್ತಾನಂತೆ. ನಿಮ್ಮನೆ ಕರೆಂಟೂ ಹೋಗತ್ತೆ, ನೀವು ಕೂಗ್ತೀರಿ ಅಂತ ನಗ್ತಿದ್ದ. ಹೇಳಮ್ಮ, ಈ ಸಲ ಹೋಯ್ತಾ?”

* * *

ಬಟನ್ನು ಟ್ರಿಪ್ ಸ್ವಿಚ್ಚಿನದು. ಹೊರಗಿನ ಪ್ಲಗ್ಗಿನಲ್ಲಿ ಕರೆಂಟ್ ಸೋರಿದರೆ ಕ್ಷಣದಲ್ಲಿ ಇಡೀ ಮನೆಯ ಕರೆಂಟ್ ಕಡಿಯುವ ಸ್ವಿಚ್ಚು. ಅದು ಕೆಲಸ ಮಾಡುತ್ತಿದೆಯೇ ಎಂದು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಮೀಟರಪ್ಪ ಒತ್ತಿದೊಡನೆ ಮೇಲೆ ಹೊಲಿಗೆ ಮೆಷಿನ್ ಗಕ್ಕನೆ ನಿಲ್ಲುತ್ತಿತ್ತು.

“ಅಂಕಲ್, ಹೋಯ್ತು!” ಎಂದು ಟೈಲರಮ್ಮ ಕಿಟಕಿಯಿಂದ ಕೂಗುವಳು.

“ಹೋಗ್ಲೇಬೇಕು ಟೈಲರಮ್ಮ! ಅದು ಹೋದ್ರೆ ನಾವು ಉಳೀತೀವಿ!”

ಆಮೇಲೆ ಊಟ ಆಯ್ತಾ, ಕಾಲು ನೋವು ಹೇಗಿದೆ, ನಾಲ್ಕು ಮಾತು. ಇಡೀ ತಿಂಗಳಿಗೆ ಅಷ್ಟೇ.

ಮೂರು ತಿಂಗಳ ಹಿಂದೆ ಒಮ್ಮೆ ಅವಸರದ ಆರ್ಡರ್ ಇತ್ತು. ದುಬಾರಿ ಬಟ್ಟೆ, ಹೊಲಿಗೆ ನಡುವೆ ಕರೆಂಟ್ ಹೋಗಿ ದಾರ ಸಿಕ್ಕಿಕೊಂಡಿತು. ಟೈಲರಮ್ಮ ರೇಗಿದಳು: “ನಿಮಗೆ ಕೆಲಸ ಇಲ್ಲ ಅಂತ ನನ್ನ ಕೆಲಸ ಯಾಕೆ ಕೆಡಿಸ್ತೀರಿ?”

ಅವನು ಎದುರಾಡಲಿಲ್ಲ. ಅದೇ ವಾರ ಎಲೆಕ್ಟ್ರೀಷಿಯನ್‌ನನ್ನು ಕರೆಸಿ ಮಹಡಿಗೆ ಬೇರೆ ಲೈನು ಎಳೆಸಿ, ಮೆಟ್ಟಿಲ ಬಳಿ ಅವಳದೇ ಮೇನ್ ಸ್ವಿಚ್ಚಿನ ಡಬ್ಬಿ ಕೂರಿಸಿಕೊಟ್ಟ.

ಮುಂದಿನ ಒಂದನೇ ತಾರೀಕು ಬಟನ್ ಒತ್ತಿ ಕಿಟಕಿಯ ಕಡೆ ನೋಡಿದ. “ಹೋಗ್ಲಿಲ್ಲ ಅಂಕಲ್!” ಎಂದು ಅವಳು ಖುಷಿಯಿಂದ ಹೇಳಿದಳು. “ಹಾಗಾದ್ರೆ ಸರಿ,” ಎಂದು ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಹೋದ. ಆಮೇಲೆ ಅವಳು ಕಿಟಕಿಗೆ ಬರಲಿಲ್ಲ. ಬರುವ ಕಾರಣವಿರಲಿಲ್ಲ.

ಈ ಸಲ ಒಂದನೇ ತಾರೀಕು ಅವಳ ಮೆಷಿನ್ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಒಂದೇ ಸಮನೆ ಓಡಿತ್ತು. ಕೆಳಗೆ ಯಾರಾದರೂ ಬಂದರೋ ಇಲ್ಲವೋ, ಅವಳು ತಿರುಗಿ ನೋಡಿರಲಿಲ್ಲ. ಬಾಗಿಲಲ್ಲಿ ಮೂರು ದಿನದ ಪೇಪರ್ ಬಿದ್ದಿದ್ದು ಕಂಡಾಗಲೇ ಅವಳು ಕೆಳಗಿಳಿದು ಬಾಗಿಲು ಬಡಿದದ್ದು.

* * *

“ಇಲ್ಲ ಅಕ್ಕಾ,” ಎಂದಳು ಟೈಲರಮ್ಮ. “ಒಂದನೇ ತಾರೀಕು ನಮ್ಮನೆ ಕರೆಂಟ್ ಹೋಗ್ಲಿಲ್ಲ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೇರೆ ಲೈನಿನ ವಿಷಯ ಮಾತ್ರ ಅವಳು ಎತ್ತಲಿಲ್ಲ.

ಅಕ್ಕ ಕಣ್ಣು ಮುಚ್ಚಿದಳು. “ಹಾಗಾದ್ರೆ ಮೊದಲೇ ಹೋಗಿದ್ದಾನೆ. ಫೋನ್ ಎತ್ತದಿದ್ದದ್ದು ನನ್ನ ಮೇಲಿನ ಕೋಪಕ್ಕಲ್ಲ.” ಅಷ್ಟು ಹೊತ್ತು ತಡೆದಿದ್ದ ಅಳು ಈಗ ಬಂತು. ಟೈಲರಮ್ಮನ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. “ಪುಣ್ಯ ಬರಲಿ ನಿಂಗೆ. ನೀನಾದ್ರೂ ಇದ್ಯಲ್ಲ ಅವನಿಗೆ, ಕೂಗೋಕೆ.”

ಇದನ್ನು ಕೇಳಿ ಟೈಲರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕತ್ತಲಾಗುತ್ತ ಬಂದಿತ್ತು. ಮಗ ಕುರ್ಚಿಗಳನ್ನು ಒಳಗಿಟ್ಟು, ಕಿಟಕಿಗಳನ್ನು ಹಾಕಿ, ಬಾಗಿಲಿಗೆ ಬೀಗ ಹಾಕಿ ಬಂದ. ಅಕ್ಕ ಇನ್ನೂ ಕೈ ಬಿಟ್ಟಿರಲಿಲ್ಲ.

“ಅಮ್ಮ, ಮೇನ್ ಸ್ವಿಚ್ ಇಳಿಸ್ಲಾ? ಖಾಲಿ ಮನೆ, ಹೊರಗಿನ ಪ್ಲಗ್ಗು ಬೇರೆ.”

“ಇಳಿಸಪ್ಪ. ಇವರಿಗೂ ಕರೆಂಟ್ ಹೋಗತ್ತೆ, ಸ್ವಲ್ಪ—”

“ಬೇಡ, ಒಂದ್ನಿಮಿಷ,” ಎಂದು ಟೈಲರಮ್ಮ ಅನ್ನುವಷ್ಟರಲ್ಲಿ ಮಗ ಹೊರಗೋಡೆಯ ಸ್ವಿಚ್ಚಿಳಿಸಿದ್ದ.

ಹಜಾರದ ದೀಪ ಆರಿತು. ಬಾಗಿಲ ದೀಪ, ಫ್ಯಾನು, ಎಲ್ಲ ನಿಂತವು. ಅಂಗಳ ಮಾತ್ರ ಪೂರ್ತಿ ಕತ್ತಲಾಗಲಿಲ್ಲ. ಮಹಡಿಯ ಕಿಟಕಿಯಲ್ಲಿ ಹೊಲಿಗೆ ಮೆಷಿನ್ನಿನ ದೀಪ ಮಿಣುಕದೆ ಉರಿಯುತ್ತಿತ್ತು.

ಅಕ್ಕ ತಲೆಯೆತ್ತಿ ಆ ಕಿಟಕಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಟೈಲರಮ್ಮನ ಕೈ ಇನ್ನೂ ಅವಳ ಕೈಯೊಳಗೇ ಇತ್ತು. ಹಿಡಿತ ಮಾತ್ರ ಇರಲಿಲ್ಲ.