ಜಾಲರಿಯ ಇನ್ನೊಂದು ತುದಿ

ನನ್ನ ತಮ್ಮ ಕ್ಲಿಫ್ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಸ್ಪರ್ಧಿಸಿದಾಗ ಪ್ರಚಾರದ ಹೊಣೆಯೆಲ್ಲ ನನ್ನ ಮೇಲೆ ಬಿತ್ತು. ಬೇರೆ ಯಾರಿದ್ದರು? ಅವನು ಬೆಳಿಗ್ಗೆ ಸಂಜೆ ಹಾಲು ಕರೆಯಬೇಕು, ನಡುವೆ ಜೋಳ ಕೊಯ್ಯಬೇಕು, ಉಳಿದ ಹೊತ್ತಿನಲ್ಲಿ ಮತ ಕೇಳಬೇಕು. ನಾನು ಶಾಲೆಯ ಬಸ್ಸು ಓಡಿಸುವ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದೆ. ನಮ್ಮ ಟ್ಯಾಮರಾಕ್ ಕೌಂಟಿಯಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದು ಕೂಡ ನನಗೆ ಗೊತ್ತಿತ್ತು.

ಎದುರಾಳಿ ರೆನಾಟಾ ಸೋಬೆಲ್, ನ್ಯೂಯಾರ್ಕ್ ನಗರದಲ್ಲಿ ವಕೀಲಿಕೆ ಮಾಡಿದವಳು. ಮೂರು ವರ್ಷದ ಹಿಂದೆ ಸರೋವರದ ದಂಡೆಯ ಹಳೇ ಮನೆ ಕೊಂಡು ಇಲ್ಲಿ ನೆಲೆಸಿದ್ದಳು. ಬೂಟು ಹೊಸದು, ಮಾತು ಚುರುಕು. ನಮ್ಮೂರಲ್ಲಿ ಹೊರಗಿನವರು ಎನ್ನಿಸಿಕೊಳ್ಳಲು ಅಷ್ಟೆಲ್ಲ ಬೇಕಾಗಿಯೂ ಇಲ್ಲ. ಡೈನರಿನಲ್ಲಿ ಕಾಫಿ ಕುಡಿಯುತ್ತ ಮುದುಕ ಎಲ್ಮರ್ ಹೇಳುತ್ತಿದ್ದ, "ನನ್ನ ಹೆಂಡ್ತಿ ನದಿ ಆಚೆ ದಡದೋಳು. ಮದ್ವೆಯಾಗಿ ಮೊಮ್ಮಕ್ಕಳಾದ್ರೂ ನಮ್ಮಮ್ಮ ಸಾಯೋ ತನ್ಕ ಅವಳನ್ನ 'ಆ ಹೊಸಬಳು' ಅಂತಿದ್ಳು."

ಊರಿನ ವಾರಪತ್ರಿಕೆ 'ಕೊರಿಯರ್'. ಅದರ ಒಡೆಯನೂ ಸಂಪಾದಕನೂ ಆದ ಹಾರ್ಲನ್ ಪ್ರೂಯಿಟ್ ಕ್ಲಿಫ್‌ನ ಬಾಲ್ಯದ ಗೆಳೆಯ. ಜಿಂಕೆ ಬೇಟೆಗೆ ಇಬ್ಬರೂ ಒಂದೇ ಪಿಕಪ್‌ನಲ್ಲಿ ಹೋಗುವವರು. ಕೊರಿಯರ್‌ನಲ್ಲಿ ನನ್ನ ತಮ್ಮ 'ನಮ್ಮ ಕ್ಲಿಫ್', ಆಕೆ 'ನಗರದ ವಕೀಲೆ'. ಪಶು ಆಹಾರದಂಗಡಿಯ ಮುಂದೆ ಕ್ಲಿಫ್ ನಾಲ್ಕು ಜನರ ಜೊತೆ ಮಾತಾಡಿದರೆ ಮುಖಪುಟ. ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚುವುದರ ವಿರುದ್ಧ ಆಕೆ ಚರ್ಚಿನ ನೆಲಮಾಳಿಗೆ ತುಂಬ ಜನ ಸೇರಿಸಿದರೆ, ಕಳೆದುಹೋದ ಬೆಕ್ಕಿನ ಜಾಹೀರಾತಿನ ಪಕ್ಕ ಮೂರು ಸಾಲು. ಕ್ಲಿಫ್‌ಗೆ ಅದನ್ನೆಲ್ಲ ಓದಲು ಪುರುಸೊತ್ತಿರಲಿಲ್ಲ. ನಾನು ಓದುತ್ತಿದ್ದೆ. ಚುನಾವಣೆಯಲ್ಲಿ ಗಾಳಿ ನಮ್ಮ ಕಡೆ ಬೀಸಿದರೆ ಬೇಡ ಎನ್ನುವವರು ಯಾರು?

ಸೆಪ್ಟೆಂಬರಿನಲ್ಲಿ ಅಗ್ನಿಶಾಮಕ ಠಾಣೆಯವರ ಕೋಳಿ ಸುಡುವ ಊಟ ನಡೆಯಿತು. ಇದ್ದಿಲ ಕೆಂಡದ ಉದ್ದನೆಯ ಒಲೆ, ಅದರ ಮೇಲೆ ಬಾಗಿಲಿನಷ್ಟು ಅಗಲದ ಕಬ್ಬಿಣದ ಜೋಡಿ ಜಾಲರಿಗಳು, ಅವುಗಳ ನಡುವೆ ಒತ್ತಾಗಿ ಜೋಡಿಸಿದ ಕೋಳಿ. ಆಗಾಗ ಜಾಲರಿಯನ್ನು ಮಗುಚಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ಆಚೆ ತುದಿಗೊಬ್ಬರು, ಈಚೆ ತುದಿಗೊಬ್ಬರು ನಿಂತು ಒಟ್ಟಿಗೆ ಎತ್ತಿ ತಿರುಗಿಸಬೇಕು. ಅಂದು ಕ್ಲಿಫ್‌ನ ಜೋಡಿಯಾಗಿ ನಿಂತವಳು ರೆನಾಟಾ. ಯಾರೂ ಕರೆದಿರಲಿಲ್ಲ, ತಾನೇ ಬಂದು ಕೈಗವಸು ಕೇಳಿ ಪಡೆದಳು. ಹೊಗೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೂ ಕೊನೆಯ ಕೋಳಿ ಬೇಯುವವರೆಗೆ ಕದಲಲಿಲ್ಲ.

"ಮೇಡಂ, ನಿಮ್ಮ ಕಡೆ ಸ್ವಲ್ಪ ಎತ್ತಿ! ಎಲ್ಲಾ ಕೋಳಿ ನನ್ನ ಕಡೆಗೇ ವಾಲ್ತಿದೆ" ಎಂದ ಕ್ಲಿಫ್.

"ವೋಟೂ ಹಂಗೇ ವಾಲ್ತಿದೆಯಂತಲ್ಲ, ಕೋಳಿನಾದ್ರೂ ಸಮ ಮಾಡ್ತೀನಿ ತಾಳಿ" ಎಂದಳು ಆಕೆ. ಸುತ್ತ ನಿಂತವರೆಲ್ಲ ನಕ್ಕರು.

ಗುರುವಾರ ಪತ್ರಿಕೆ ಬಂತು. ಮುಖಪುಟದಲ್ಲಿ ಹೊಗೆಯ ನಡುವೆ ಕ್ಲಿಫ್, ಕೈಯಲ್ಲಿ ಜಾಲರಿ. ಮೇಲೆ ದಪ್ಪಕ್ಷರದಲ್ಲಿ: 'ನಮ್ಮ ಊಟಕ್ಕೆ ಬಾರದ ಅಭ್ಯರ್ಥಿ.' ಊರಿನವರೆಲ್ಲ ಒಟ್ಟಾಗಿ ದುಡಿಯುವಾಗ ನಗರದ ವಕೀಲೆಯ ಸುಳಿವೇ ಇರಲಿಲ್ಲ ಎಂದು ಕೆಳಗೆ ಬರೆದಿತ್ತು. ಚಿತ್ರದ ಬಲಬದಿಯನ್ನು ಕತ್ತರಿಸಿ ತೆಗೆದಿದ್ದರು.

ನಾನು ಅದನ್ನು ಕೊಟ್ಟಿಗೆಗೆ ಒಯ್ದು ಕ್ಲಿಫ್‌ಗೆ ತೋರಿಸಿದೆ. ಅವನು ಹಸುವಿನ ಕೆಚ್ಚಲು ಒರೆಸುತ್ತಿದ್ದವನು ಎದ್ದು ನಿಂತು ಪೂರ್ತಿ ಓದಿದ.

"ಇದೇನಿದು? ಅವಳು ನನ್ನೆದುರಿಗೇ ಇದ್ಳಲ್ಲ!"

"ಇದ್ಳು. ಇದ್ದಿದ್ದು ನೋಡ್ದೋರಿಗೆ ಗೊತ್ತು. ನೀನ್ಯಾಕೆ ತಲೆ ಕೆಡಿಸ್ಕೋತೀಯ? ಬರ್ದೋನು ಹಾರ್ಲನ್, ನೀನಲ್ಲ."

"ಫೋಟೋದಲ್ಲಿರೋದು ನಾನು ತಾನೇ, ವರ್ನಾ?"

ಅಂದೇ ಪತ್ರಿಕೆಯ ಕಚೇರಿಗೆ ಹೋದ. ನಾನೂ ಬೆನ್ನು ಹತ್ತಿದೆ. ಹಾರ್ಲನ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಗುತ್ತಿದ್ದ.

"ಬಾರಯ್ಯಾ ಕಾಂಗ್ರೆಸ್‌ಮನ್! ಹೇಗಿದೆ ಮುಖಪುಟ?"

"ಪೂರ್ತಿ ಫೋಟೋ ಹಾಕು ಹಾರ್ಲನ್. ತಪ್ಪಾಯ್ತು ಅಂತ ಎರಡು ಸಾಲು ಬರಿ."

"ನಿನ್ನ ಒಳ್ಳೇದಕ್ಕೆ ಮಾಡಿದ್ದು ಕಣೋ. ಅವಳು ಗೆದ್ರೆ ಮೂರೇ ದಿನಕ್ಕೆ ನಮ್ಮ ಊರಿನ ಹೆಸರೂ ಮರೀತಾಳೆ. ನಮ್ಮೋರಿಗೆ ನಾವಲ್ದೆ ಇನ್ಯಾರು?"

"ಅವಳು ಹೇಳೋದ್ರಲ್ಲಿ ಅರ್ಧಕ್ಕರ್ಧ ನಂಗೂ ಒಪ್ಪಿಗೆ ಇಲ್ಲ. ಆದ್ರೆ ಬಂದೋಳನ್ನ ಬಂದಿಲ್ಲ ಅನ್ನೋಕಾಗಲ್ಲ."

"ಪತ್ರಿಕೆ ನಂದು, ಕ್ಲಿಫ್."

"ಮುಖ ನಂದು" ಎಂದು ಹೇಳಿ ನನ್ನ ತಮ್ಮ ಹೊರಗೆ ಬಂದ.

ದಾರಿಯುದ್ದಕ್ಕೂ ನಾನು ಅವನಿಗೆ ಬುದ್ಧಿ ಹೇಳಿದೆ. ಪತ್ರಿಕೆಯನ್ನು ಎದುರು ಹಾಕಿಕೊಂಡು ಗೆದ್ದವರುಂಟೇ, ಇನ್ನು ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರು ಎಂದೆ. ಮನೆ ತಲುಪಿದ್ದೇ ಅವನು ನೇರ ಕೊಟ್ಟಿಗೆಗೆ ನಡೆದ.

ಅಕ್ಟೋಬರಿನಲ್ಲಿ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಅಂಗಣದಲ್ಲಿ ಅಭ್ಯರ್ಥಿಗಳ ಚರ್ಚೆ. ಪ್ರಶ್ನೆ ಕೇಳುವವನು ಹಾರ್ಲನ್ನೇ. ಕ್ಲಿಫ್‌ಗೆ ಬಂದ ಮೊದಲ ಪ್ರಶ್ನೆ, ನಮ್ಮ ಅಜ್ಜ ಕಟ್ಟಿದ ಕೊಟ್ಟಿಗೆಯ ಬಗ್ಗೆ. ರೆನಾಟಾಳಿಗೆ ಬಂದದ್ದು, "ಜೀವಮಾನದಲ್ಲಿ ಎಷ್ಟು ಹಸುಗಳ ಹಾಲು ಕರೆದಿದ್ದೀರಿ?"

"ಒಂದೂ ಇಲ್ಲ. ಒಂದ್ಸಲ ಕೈ ಹಾಕಿದ್ದೆ. ಹಸು ಒಪ್ಪಲಿಲ್ಲ."

ಜನ ನಕ್ಕರು. ಹಾರ್ಲನ್ ಬಿಡಲಿಲ್ಲ. "ನಮ್ಮ ಕಷ್ಟಸುಖಕ್ಕೆ ಬಾರದವರು ನಮ್ಮ ಪರವಾಗಿ ಮಾತಾಡೋದು ಹೇಗೆ? ಠಾಣೆಯ ಊಟಕ್ಕೂ ನೀವು..."

ರೆನಾಟಾ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಕ್ಲಿಫ್ ಮೈಕನ್ನು ಎಳೆದುಕೊಂಡ.

"ತಡಿ ಹಾರ್ಲನ್. ಇಲ್ಲಿರೋರೆಲ್ಲ ಆ ಜಾಲರಿ ಹಿಡ್ದೋರೇ. ಯಾರಾದ್ರೂ ಒಬ್ಬರೇ ಮಗುಚಿದ್ದೀರಾ? ಕೈ ಎತ್ತಿ ನೋಡೋಣ."

ಒಂದು ಕೈಯೂ ಮೇಲೇಳಲಿಲ್ಲ.

"ಮತ್ತೆ ಪೇಪರಲ್ಲಿ ನಾನೊಬ್ನೇ ಹೆಂಗೆ ಮಗುಚ್ದೆ? ಇನ್ನೊಂದು ತುದೀಲಿ ಇವರಿದ್ರು. ಮಧ್ಯಾಹ್ನ ಪೂರ್ತಿ ಇದ್ರು. ಪೇಪರ್ ಬರ್ದಿದ್ದು ಸುಳ್ಳು. ನನ್ನ ಮಾತು ಹಿಡಿಸಿದ್ರೆ ನಂಗೆ ವೋಟು ಹಾಕಿ, ನಾನೇನು ಬೇಡ ಅನ್ನಲ್ಲ. ಇವರು ಬಂದೇ ಇಲ್ಲ ಅಂತ ನಂಬ್ಕೊಂಡು ಹಾಕೋದಾದ್ರೆ ಆ ವೋಟು ನಂಗೆ ಬೇಡ."

"ಯಾರ ಕಡೆಯಯ್ಯಾ ನೀನು?" ಹಿಂದಿನ ಬೆಂಚಿನಿಂದ ಎಲ್ಮರ್ ಕೂಗಿದ.

"ನನ್ನ ಕಡೆ!" ಎಂದ ಕ್ಲಿಫ್. "ಚರ್ಚೆ ಮುಂದುವರಿಸಿ. ಹಾಲಿನ ಬೆಲೆ ವಿಷಯದಲ್ಲಿ ಇವರು ಹೇಳೋದು ಪೂರಾ ತಪ್ಪು, ಅದನ್ನ ಕೇಳು ಹಾರ್ಲನ್."

ನಾನು ಮುಂದಿನ ಸಾಲಿನಲ್ಲಿದ್ದೆ. ಚುನಾವಣೆ ಕೈಬಿಟ್ಟು ಹೋಯಿತೆಂದು ಆಗಲೇ ಗೊತ್ತಾಗಿತ್ತು. ಆದರೂ ಎದೆ ಉಬ್ಬಿ ಬಂತು. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ, "ಅವನು ನನ್ನ ತಮ್ಮ" ಎಂದೆ. ಅವಳು ಕೇಳಿರಲಿಲ್ಲ, ನಾನೇ ಹೇಳಿದೆ.

ಕೊರಿಯರ್ ಆಮೇಲೆ ಯಾರ ಪರವೂ ಬರೆಯಲಿಲ್ಲ. ಕಡೇ ವಾರ ಒಳಪುಟದಲ್ಲಿ ಭೂತಗನ್ನಡಿ ಹಿಡಿದು ಓದುವಂಥ ಅಕ್ಷರದಲ್ಲಿ ತಿದ್ದುಪಡಿ ಹಾಕಿತು. ನವೆಂಬರಿನಲ್ಲಿ ನಮ್ಮ ಕೌಂಟಿ ಕ್ಲಿಫ್‌ನ ಕೈ ಹಿಡಿಯಿತು, ಕ್ಷೇತ್ರದ ಉಳಿದ ಭಾಗ ಹಿಡಿಯಲಿಲ್ಲ. ರೆನಾಟಾ ಗೆದ್ದಳು. ಮರುದಿನ ಹಾಲು ಕರೆದು ಮುಗಿಸಿ ಕ್ಲಿಫ್ ಎಂದಿನಂತೆ ಡೈನರಿಗೆ ಹೋದ. ಎಲ್ಮರ್ ತನ್ನ ಟೋಪಿ ಎತ್ತಿ ಪಕ್ಕಕ್ಕಿಟ್ಟು ಜಾಗ ಮಾಡಿಕೊಟ್ಟ.

"ಕೂತ್ಕೋ. ಪೆದ್ದ ನೀನು. ಆದ್ರೂ ನಿಂಗೇ ಹಾಕ್ದೆ."

ಹಾರ್ಲನ್ ಆ ವರ್ಷ ಬೇಟೆಗೆ ಕರೆಯಲಿಲ್ಲ. ಅದು ಕ್ಲಿಫ್‌ಗೆ ಸೋಲಿಗಿಂತ ಹೆಚ್ಚು ನೋವು ಕೊಟ್ಟಿತು. ಪಿಕಪ್ ಸದ್ದು ಕೇಳಿದಾಗಲೆಲ್ಲ ಕಿಟಕಿಯ ಕಡೆ ನೋಡುತ್ತಿದ್ದ.

ವಸಂತ ಬರುವ ಹೊತ್ತಿಗೆ ವಾಷಿಂಗ್ಟನ್ನಿನಿಂದ ಫೋನು ಬರತೊಡಗಿತು. ಹೈನುಗಾರಿಕೆಯ ಯಾವುದೇ ಮಸೂದೆ ಬಂದರೂ ರೆನಾಟಾ ಮೊದಲು ಕ್ಲಿಫ್‌ನನ್ನು ಕೇಳುತ್ತಾಳೆ. ಅವನು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಹುಲ್ಲು ಹಾಕುತ್ತಲೇ ಜಗಳವಾಡುತ್ತಾನೆ. "ಇಲ್ಲ ಮೇಡಂ, ಇಲ್ಲ! ಅದನ್ನ ಬರ್ದೋರು ಹಸು ನೋಡಿದ್ದಾರಾ? ಇನ್ನೊಂದ್ಸಲ ಓದಿ ನೋಡೋಣ" ಎಂಬ ಅವನ ಕೂಗು ರಸ್ತೆಯವರೆಗೂ ಕೇಳಿಸುತ್ತದೆ. ದಾರಿಹೋಕರು ಯಾರಪ್ಪಾ ಅದು ಎಂದರೆ ನಾನು ಹೇಳುತ್ತೇನೆ: ನನ್ನ ತಮ್ಮ, ಕಾಂಗ್ರೆಸ್ಸಿನ ಜೊತೆ ಮಾತಾಡುತ್ತಿದ್ದಾನೆ.