ಮನೆಗೆ ಇಪ್ಪತ್ತು ನಿಮಿಷ

"ಮನೆಗೆ ಹೊರಡುವ ಹೊತ್ತು. ಇಪ್ಪತ್ತು ನಿಮಿಷದ ದಾರಿ," ಎಂದಿತು ಫೋನು. ಸಂಜೆಯಾಗಿತ್ತು. ಹಿಂದಿನ ವಾರವಷ್ಟೇ ಆಸ್ಪತ್ರೆಯ ರಾತ್ರಿಪಾಳಿಯಿಂದ ನಿವೃತ್ತಳಾಗಿದ್ದ ನರ್ಸಮ್ಮ ತನ್ನ ಮನೆಯ ಅಡುಗೆಕೋಣೆಯಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದಳು.

ಮಗಳು ಫೋನೆತ್ತಿ ನೋಡಿದಳು. ನಕ್ಷೆಯ ನೀಲಿ ಗೆರೆ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತ್ತು.

"ಅಮ್ಮಾ, ಇದು ಆಸ್ಪತ್ರೇನೇ ನಿನ್ನ ಮನೆ ಅಂದ್ಕೊಂಡಿದೆ. ರಾತ್ರಿಯೆಲ್ಲ ಎಲ್ಲಿರ್ತೀಯೋ ಅದೇ ಮನೆ ಅಂತ ಇದರ ಲೆಕ್ಕ. ದಿನಾ ಈ ಹೊತ್ತಿಗೆ ಹೊರಡ್ತಿದ್ಯಲ್ಲ, ಇವತ್ತೂ ಹೋಗ್ತೀಯ ಅಂತ ಊಹೆ."

"ಹಾಗಾದ್ರೆ ಈ ಮನೆ?"

"ಕೆಲಸದ ಜಾಗ ಅಂತ ತೋರಿಸ್ತಿದೆ."

"ಅದೇನೂ ಸುಳ್ಳಲ್ಲ ಬಿಡು. ಪಾತ್ರೆ, ಬಟ್ಟೆ, ಅಡುಗೆ."

ಇಬ್ಬರೂ ನಕ್ಕರು. ಮಗಳ ನಗು ಮೊದಲು ನಿಂತಿತು. "ನಾನು ಇಷ್ಟು ವರ್ಷ ಬಾಯಿಬಿಟ್ಟು ಹೇಳದೇ ಇದ್ದದ್ದನ್ನ ಇದು ಹೇಳ್ಬಿಡ್ತು ನೋಡು."

ನರ್ಸಮ್ಮನ ಕೈ ಬಟಾಣಿಯ ಮೇಲೇ ಉಳಿಯಿತು. ಮಗಳು ಚಿಕ್ಕವಳಿದ್ದಾಗ, ಸಂಜೆ ಡ್ಯೂಟಿಗೆ ಹೊರಡಲು ಅವಳು ಕನ್ನಡಿಯ ಮುಂದೆ ತಲೆಗೆ ಪಿನ್ನು ಚುಚ್ಚಿಕೊಳ್ಳುವಷ್ಟರಲ್ಲಿ ಈ ಪುಟ್ಟಿ ಅವಳ ಬಿಳಿ ಷೂಗಳಲ್ಲಿ ಒಂದನ್ನು ಒಯ್ದು ಬಚ್ಚಲಿನ ಬಕೆಟ್ಟಿನ ಹಿಂದೆ ಬಚ್ಚಿಡುತ್ತಿದ್ದಳು. ಅಜ್ಜಿ ನೇರ ಅಲ್ಲಿಗೇ ಹೋಗಿ ತಂದುಕೊಡುತ್ತಿದ್ದಳು. ಜಾಗ ಬದಲಿಸುವ ಬುದ್ಧಿ ಮಾತ್ರ ಮಗುವಿಗೆ ಕೊನೆಗೂ ಬರಲಿಲ್ಲ. ಆ ಒದ್ದೆ ಷೂ ಹಾಕಿಕೊಂಡೇ ನರ್ಸಮ್ಮ ವಾರ್ಡಿನಲ್ಲಿ ಬೆಳಗು ಮಾಡುತ್ತಿದ್ದಳು, ಒಂದು ಕಾಲು ಮಾತ್ರ ತಣ್ಣಗೆ.

"ಕೊಡು, ಸರಿ ಮಾಡ್ತೀನಿ. ಒಂದ್ಸಲ ಒತ್ತಿದ್ರಾಯ್ತು."

"ಬೇಡ ಪುಟ್ಟಿ. ಬಲವಂತದಿಂದ ಒಪ್ಪಿಸೋದು ಬೇಡ. ಇನ್ಮೇಲೆ ರಾತ್ರಿ ಇಲ್ಲೇ ಇರ್ತೀನಲ್ಲ, ತಾನಾಗೇ ತಿಳ್ಕೊಳ್ಳಲಿ."

"ತುಂಬಾ ದಿನ ಹಿಡಿಯತ್ತೆ."

"ಹಿಡೀಲಿ. ನಂಗೀಗ ಯಾವ ಡ್ಯೂಟಿ ಕಾದಿದೆ?"

ಅಂದಿನಿಂದ ಸಂಜೆಯಾದರೆ ಫೋನು ಕರೆಯುತ್ತಿತ್ತು. "ಬರಲ್ಲಪ್ಪ, ಹೋಗು," ಎಂದು ನರ್ಸಮ್ಮ ಅದಕ್ಕೆ ಉತ್ತರ ಕೊಡುತ್ತಿದ್ದಳು. ಮಗಳು ಕೇಳಿಸಿಕೊಂಡೂ ಕೇಳಿಸದವಳಂತೆ ಇರುತ್ತಿದ್ದಳು. ವಾರಗಳು ಉರುಳಿದ ಮೇಲೆ ಒಂದು ಸಂಜೆ ಅದು ಸುಮ್ಮನಿತ್ತು. ಇಬ್ಬರೂ ಒಮ್ಮೆ ಅದರತ್ತ ನೋಡಿದರು. ಮಗಳು ಎದ್ದು ಕೈ ತೊಳೆದು ಬಂದು ಪೇಪರ್ ಹಿಡಿದು ಕೂತಳು.

"ಹಾಲು ಮುಗಿದಿದೆ, ತಂದ್ಬಿಡ್ತೀನಿ," ಎಂದು ನರ್ಸಮ್ಮ ಬಾಗಿಲಿಗೆ ಹೋದಳು.

ಅಲ್ಲಿ ಒಂದೇ ಷೂ ಇತ್ತು.

ತಿರುಗಿ ನೋಡಿದಳು. ಪೇಪರಿನ ಹಿಂದೆ ಮಗಳ ಮುಖ ಕಾಣಲಿಲ್ಲ. ಬಚ್ಚಲಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ನರ್ಸಮ್ಮ ಆ ಕಡೆ ಹೋಗಲಿಲ್ಲ. ಹಾಲಿನ ಪಾತ್ರೆಯನ್ನು ಪಕ್ಕಕ್ಕಿಟ್ಟು, ಆ ಒಂಟಿ ಷೂವಿನ ಬಳಿ ಹೊಸ್ತಿಲ ಮೇಲೆ ಕೂತಳು.