ಒಬ್ಬರ ಲೆಕ್ಕದ ಗಾಳಿ

ತೀರಿಕೊಂಡ ನನ್ನ ಗಂಡ ಟ್ರೆಂಟನ ಬೈಕಿನ ಹಿಂದಿನ ಚಕ್ರದ ಮುಂದೆ ಡ್ವೇನ್ ಮತ್ತು ಮೈಲೋ ಮಂಡಿಯೂರಿ ಕುಳಿತಿದ್ದರು. ಚರ್ಚಿನಲ್ಲಿ ಇಬ್ಬರೂ ಇಷ್ಟು ಹೊತ್ತು ಮಂಡಿಯೂರಿದ್ದನ್ನು ನಾನು ನೋಡಿಲ್ಲ.

ಡ್ವೇನ್ ರುಷ್ಕ ನಮ್ಮೂರಿನ ಬೈಕ್ ಕ್ಲಬ್ಬಿನ ನಾಯಕ. ಬೆಳೆ ವಿಮೆ ಮಾರಿ ನಿವೃತ್ತನಾದವನು. ಅವನ ತೋಳಿಲ್ಲದ ಚರ್ಮದ ಅಂಗಿಯ ತುಂಬ ಬಟ್ಟೆಯ ಬಿಲ್ಲೆಗಳು. ಒಂದೊಂದೂ ಅವನು ಹೋಗಿ ಊಟ ಮಾಡಿ ಬಂದ ಒಂದೊಂದು ಊರು. ಮೈಲೋ ಅವನ ಗೆಳೆಯ. ಡ್ವೇನ್ ಹೇಳಿದ್ದಕ್ಕೆಲ್ಲ ಅಲ್ಲ ಎನ್ನುವುದೇ ಆ ಗೆಳೆತನ.

ಮೇ ತಿಂಗಳ ಕೊನೆಯ ಶನಿವಾರ ಟ್ರೆಂಟನ ನೆನಪಿಗೆ ಕ್ಲಬ್ಬಿನವರು ಸವಾರಿ ಇಟ್ಟುಕೊಂಡಿದ್ದರು. ನೆಬ್ರಾಸ್ಕದ ನಮ್ಮ ಕಡೆ ಬೈಕಿನವನೊಬ್ಬ ಸತ್ತರೆ ಅದು ಆಗಲೇಬೇಕು. ಸತ್ತವನ ಬೈಕು ಎಲ್ಲರಿಗಿಂತ ಮುಂದೆ ಹೋಗುತ್ತದೆ. ಅದನ್ನು ನಾಯಕ ಓಡಿಸುತ್ತಾನೆ. ಹಿಂದಿನ ಸೀಟಿನಲ್ಲಿ ವಿಧವೆ ಕೂತು ಅಳುತ್ತಾಳೆ. ಆಮೇಲೆ ಎಲ್ಲರೂ ಕರಿದ ಹಂದಿಮಾಂಸದ ಸ್ಯಾಂಡ್‌ವಿಚ್ಚು ತಿನ್ನುತ್ತಾರೆ.

ಹಿಂದೆ ಕೂರುವ ಮನಸ್ಸು ನನಗಿರಲಿಲ್ಲ. ಬೈಕನ್ನು ನಾನೇ ಓಡಿಸಬೇಕೆಂದಿದ್ದೆ, ಯಾರಿಗೂ ಹೇಳಿರಲಿಲ್ಲ. ಲಿಂಕನ್ನಿನಲ್ಲಿ ಓದುವಾಗ ನನ್ನದೇ ಒಂದು ಸಣ್ಣ ಬೈಕಿತ್ತು. ಮದುವೆಯಾದ ಮೇಲೆ ಬೈಕು ಹೋಯಿತು, ಲೈಸೆನ್ಸ್ ಉಳಿಯಿತು. ಟ್ರೆಂಟನದು ದೂರ ಪ್ರಯಾಣದ ಆನೆಗಾತ್ರದ ಗಾಡಿ. ಏಪ್ರಿಲ್ಲಿನಿಂದ ಭಾನುವಾರಗಳಲ್ಲಿ, ಊರೆಲ್ಲ ಚರ್ಚಿನಲ್ಲಿರುವ ಹೊತ್ತಿಗೆ, ಜೋಳದ ಉಗ್ರಾಣದ ಹಿಂದಿನ ಬಯಲಿನಲ್ಲಿ ಅದನ್ನು ಸುತ್ತಿಸುತ್ತಿದ್ದೆ. ಒಮ್ಮೆ ಬೀಳಿಸಿದೆ. ಎತ್ತುವುದನ್ನೂ ಕಲಿತೆ. ಸೀಟಿಗೆ ಬೆನ್ನು ಕೊಟ್ಟು ಹಿಂದಕ್ಕೆ ಹೆಜ್ಜೆ ಹಾಕಬೇಕು. ಅದಕ್ಕೆ ದೊಡ್ಡ ಶಕ್ತಿಯೇನೂ ಬೇಡ, ಯಾರೂ ನೋಡುತ್ತಿರಬಾರದು ಅಷ್ಟೇ.

“ನಡುವೆ ಹೆಂಗೆ ಸವೆದಿದೆ ನೋಡು. ಮಣೆ ಥರ ಚಪ್ಪಟೆ,” ಎಂದ ಡ್ವೇನ್.

“ನಡುವೆ ಬಿಡಪ್ಪ, ಅಂಚು ನೋಡು. ಕೂದಲು ಹಾಗೇ ಇದೆ!”

ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಕೂದಲುಗಳಿರುತ್ತವೆ. ಬೈಕು ತಿರುವಿನಲ್ಲಿ ವಾಲಿದರೆ ಅಂಚಿನವು ರಸ್ತೆಗೆ ಉಜ್ಜಿ ಹೋಗುತ್ತವೆ. ಟ್ರೆಂಟನ ಟೈರು ನಡುವೆ ಬೋಳಾಗಿತ್ತು, ಎರಡೂ ಅಂಚಿನಲ್ಲಿ ಕೂದಲು ನಿಂತಿತ್ತು. ಕೊಲರಾಡೊದ ಬೆಟ್ಟದ ತಿರುವುಗಳಲ್ಲಿ ಬೈಕನ್ನು ಎಷ್ಟು ಮಲಗಿಸಿದೆನೆಂದರೆ ಕಾಲಿಡುವ ಹಲಗೆಯಿಂದ ಕಿಡಿ ಹಾರಿತು ಎಂದು ಅವನು ಕ್ಲಬ್ಬಿನಲ್ಲಿ ಎಷ್ಟೋ ಸಲ ಹೇಳಿದ್ದ. ನಾನು ಅವನ ಹಿಂದೆಯೇ ಕೂತಿದ್ದೆ. ಬೆಟ್ಟ ಮುಗಿಯುವವರೆಗೂ ಹಾಲಿನ ಟ್ಯಾಂಕರೊಂದರ ಹಿಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗಿದ್ದ. ಆ ಕಥೆ ಹೇಳುವಾಗ ಅವನು ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಹಣ್ಣಿನ ಪೈ ಕತ್ತರಿಸುತ್ತಿದ್ದೆ.

“ಕಿಡಿ ಹಾರಿತ್ತಂತೆ,” ಎಂದ ಮೈಲೋ.

“ಸತ್ತೋನ ಬಗ್ಗೆ ಹಾಗೆಲ್ಲ ಮಾತಾಡ್ಬಾರ್ದು.”

ಟ್ರೆಂಟನ ಮೇಲೆ ಅವರಿಗೆ ಮೊದಲೇ ಒಂದು ಅಸಮಾಧಾನವಿತ್ತು. ಅವನು ರಸ್ತೆಯ ಮೇಲೆ ಸಾಯಲಿಲ್ಲ. ನವೆಂಬರಿನಲ್ಲಿ, ಅಂಗಡಿಯೊಂದರ ಮುಂದೆ, ಹಿಮ ಕರಗಿಸುವ ಉಪ್ಪಿನ ಚೀಲವನ್ನು ಕಾರಿಗೆ ಹಾಕುವಾಗ ತಲೆಯೊಳಗೆ ನರ ಒಡೆದು ಸತ್ತ. ಮೂವತ್ತನಾಲ್ಕು ವರ್ಷ. ಮಾತಾಡಿಸಲು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು “ಬೈಕಾ?” ಎಂದು. ಅಲ್ಲ, ಉಪ್ಪು ಎಂದರೆ ಅವರ ಮುಖ ಇಳಿಯುತ್ತಿತ್ತು.

ಟೈರು ಬದಲಿಸಬೇಕೆನ್ನುವುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಅಲ್ಲಿಗೆ ಒಮ್ಮತ ಮುಗಿಯಿತು.

“ಕಾರಿನ ಟೈರು ಹಾಕೋಣ,” ಎಂದ ಡ್ವೇನ್.

ಭಾರೀ ಬೈಕಿನವರಲ್ಲಿ ಎರಡು ಪಂಗಡ. ಹಿಂದಿನ ಚಕ್ರಕ್ಕೆ ಕಾರಿನ ಟೈರು ಹಾಕುವವರು, ಹಾಕದವರು. ಹಾಕುವವರು ತಮ್ಮನ್ನು ಕತ್ತಲೆ ಕಡೆಯವರು ಎಂದು ಕರೆದುಕೊಳ್ಳುತ್ತಾರೆ, ಅದೂ ಹೆಮ್ಮೆಯಿಂದ. ಬೈಕಿನ ಟೈರು ದುಂಡಗೆ, ಬೇಗ ಸವೆಯುತ್ತದೆ. ಕಾರಿನದು ಚಪ್ಪಟೆ, ವರ್ಷಗಟ್ಟಲೆ ಬಾಳುತ್ತದೆ, ವಾಲು ಎಂದರೆ ಮಾತ್ರ ಹಟ ಹಿಡಿಯುತ್ತದೆ. ನಮ್ಮ ಕಡೆ ಯಾವ ಅಂಗಡಿಯವರೂ ಅದನ್ನು ಬೈಕಿಗೆ ಹಾಕಿಕೊಡುವುದಿಲ್ಲ. ಮನೆಯಲ್ಲೇ ಸೋಪುನೀರು, ಸಲಾಕೆ, ಬೈಗುಳ ಹಿಡಿದು ಹಾಕಿಕೊಳ್ಳಬೇಕು. ಈ ವಿಷಯಕ್ಕೆ ಕ್ಲಬ್ಬಿನಲ್ಲಿ ಎರಡು ಕಡೆಯವರೂ ಒಂದೇ ಮೇಜಿನಲ್ಲಿ ಕಾಫಿ ಕುಡಿಯದ ಕಾಲವೊಂದಿತ್ತು. ದೇಶ ಯುದ್ಧಕ್ಕೆ ಹೋದಾಗಲೂ ಅವರು ಅಷ್ಟು ಬಿಸಿಯಾಗಿರಲಿಲ್ಲ.

“ಕಾರಿನ ಟೈರು ಹಾಕಿದ್ರೆ ಅದು ಬೈಕಲ್ಲ, ಟ್ರ್ಯಾಕ್ಟರು,” ಎಂದ ಮೈಲೋ. “ಹಿಂದೆ ನೇಗಿಲೂ ಕಟ್ಕೋ.”

“ನಿನ್ನ ಟೈರು ಎರಡು ಬೇಸಿಗೆ ಕಂಡಿಲ್ಲ, ನೀನ್ ಮಾತಾಡ್ಬೇಡ.” ಡ್ವೇನ್ ನನ್ನ ಕಡೆ ತಿರುಗಿದ. “ಕೋರಿನ್ ಮರಿ, ನೀನೇನೂ ಯೋಚ್ನೆ ಮಾಡ್ಬೇಡ. ಟೈರು ನನ್ ಹತ್ರ ಇದೆ. ಸವಾರಿ ದಿನ ಬೆಳಿಗ್ಗೆ ಬೇಗ ಬಂದು ನಾನೇ ಹಾಕ್ಕೊಡ್ತೀನಿ. ಆಮೇಲೆ ಐದಾರು ಬೇಸಿಗೆ ಟೈರಿನ ಮಾತೇ ಇಲ್ಲ.”

“ಸವಾರಿ ಒಂದೇ ದಿನದ್ದಲ್ವಾ?” ಎಂದೆ.

ಡ್ವೇನ್ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

“ಅದೂ... ಬೈಕನ್ನ ಸುಮ್ನೆ ನಿಲ್ಲಿಸಿದ್ರೆ ಹಾಳಾಗುತ್ತೆ ಕಣಮ್ಮ. ಓಡ್ತಾ ಇರ್ಬೇಕು.”

“ಯಾರು ಓಡಿಸೋದು?”

“ಅದೆಲ್ಲ ನೀನ್ಯಾಕೆ ತಲೆಗೆ ಹಚ್ಕೋತೀಯ? ಟ್ರೆಂಟ್ ಇದ್ದಿದ್ರೆ ಇದನ್ನೇ ಬಯಸ್ತಿದ್ದ.”

ನವೆಂಬರಿನಿಂದೀಚೆಗೆ ಟ್ರೆಂಟ್ ಬಹಳ ಬಯಸುತ್ತಿದ್ದ. ನಾನು ಕೌದಿ ಹೊಲಿಯುವ ಹೆಂಗಸರ ಗುಂಪಿಗೆ ಸೇರಲಿ ಎಂದು ಬಯಸಿದ್ದ. ಹಿತ್ತಿಲ ಮರ ಕಡಿಸಿ ಕಟ್ಟಿಗೆಯನ್ನು ಪಕ್ಕದ ಮನೆಯವನಿಗೆ ಕೊಡಲಿ ಎಂದು ಬಯಸಿದ್ದ. ಬದುಕಿದ್ದಾಗ ಪಾಪ, ಊಟಕ್ಕೆ ಏನು ಬೇಕೆಂದು ಕೇಳಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಡ್ವೇನನ ಹೆಂಡತಿ ಡಾರ್ಲಾ ಅಡುಗೆಮನೆಯಲ್ಲಿದ್ದಳು. ಆಲೂಗಡ್ಡೆಗೆ ಚೀಸ್ ಸುರಿದು ಬೇಯಿಸಿದ ಅಗಲದ ಪಾತ್ರೆಯೊಂದನ್ನು ತಂದಿದ್ದಳು. ದುಃಖಕ್ಕೆ ನಮ್ಮೂರಿನಲ್ಲಿ ಅದೇ ಮದ್ದು. ನನ್ನ ಫ್ರೀಜರಿನಲ್ಲಿ ಆ ಮದ್ದು ಇನ್ನೂ ಮೂರು ಮನೆಯದಿತ್ತು.

“ಟ್ರೆಂಟನ ಬೈಕಿನ ಆ ಹಿಂದಿನ ಸೀಟು ಎಷ್ಟು ಮೆತ್ತಗಿದೆ ಅಂತೀಯ!” ಎಂದಳು. “ನನ್ನ ಸೊಂಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆಗಸ್ಟಲ್ಲಿ ಮೊಂಟಾನಾ ಕಡೆ ಹೋಗ್ಬೇಕು ಅಂತಿದೀವಿ.”

“ನಿಮ್ಮ ಬೈಕಿನ ಸೀಟು ಗಟ್ಟಿ ಅಂತಿದ್ರಲ್ಲ?”

“ನಮ್ಮದು ಮಾರ್ಬಿಟ್ವಲ್ಲ ಹೋದ್ವಾರ. ಡ್ವೇನ್ ಹೇಳ್ಲಿಲ್ವಾ?” ಎಂದವಳು ಬಾಯಿಗೆ ಕೈ ಇಟ್ಟಳು. ಆ ಕೈಯನ್ನೇ ತೆಗೆದು ನನ್ನ ಭುಜದ ಮೇಲಿಟ್ಟಳು. “ನೀನು ಅದನ್ನ ಇಟ್ಕೊಂಡು ಏನ್ಮಾಡ್ತೀಯ ಹೇಳು ಮಗು? ನೋಡಿದಾಗೆಲ್ಲ ಸಂಕಟ.”

ನಾನು ಅವಳ ಪಾತ್ರೆ ಖಾಲಿ ಮಾಡಿ, ತೊಳೆದು, ಒರೆಸಿ ಕೊಟ್ಟೆ. ನವೆಂಬರಿನಿಂದ ನನಗೆ ಏನೂ ಅನಿಸಿರಲಿಲ್ಲ. ಹೊಟ್ಟೆ ಹಸಿದದ್ದೂ ಗಡಿಯಾರ ನೋಡಿಯೇ ತಿಳಿಯುತ್ತಿತ್ತು. ಆವತ್ತು ಅನಿಸಿತು. ಸಿಟ್ಟಲ್ಲ, ತಾತ್ಸಾರ. ಅದು ಮೈಯನ್ನು ಇಷ್ಟು ಬೆಚ್ಚಗೆ ಮಾಡುತ್ತದೆಂದು ಗೊತ್ತಿರಲಿಲ್ಲ.

ಸವಾರಿಗೆ ಎರಡು ದಿನವಿರುವಾಗ ಆಫೀಸಿಗೆ ರಜೆ ಹಾಕಿ ಬೈಕನ್ನು ದೊಡ್ಡ ಊರಿನ ಟೈರಿನ ಅಂಗಡಿಗೆ ಓಡಿಸಿಕೊಂಡು ಹೋದೆ. ಉಗ್ರಾಣದ ಬಯಲು ಬಿಟ್ಟು ರಸ್ತೆಗಿಳಿದದ್ದು ಅದೇ ಮೊದಲು. ರೈಲುಹಳಿಯ ಪಕ್ಕದ ನೇರ ರಸ್ತೆಯಲ್ಲಿ ಅದು ತಾನಾಗಿಯೇ ಹೋಯಿತು. ಅಂಗಡಿಯ ಬೀದಿಗೆ ತಿರುಗಿಸಿದಾಗ ಮಾತ್ರ ಮಾತು ಕೇಳಲಿಲ್ಲ. ಹಿಡಿಕೆ ಒತ್ತಿದೆ, ಆಗಲೂ ಇಲ್ಲ. ಇನ್ನೂ ಒತ್ತಿದಾಗ ಚಪ್ಪಟೆಯ ಅಂಚಿನಿಂದ ಮೆಟ್ಟಿಲು ತಪ್ಪಿದ ಹಾಗೆ ದಡಕ್ಕನೆ ವಾಲಿತು. ಟ್ರೆಂಟ್ ನೆಟ್ಟಗೆ ಓಡಿಸಿ ಓಡಿಸಿ ಟೈರಿಗೂ ಅದನ್ನೇ ರೂಢಿ ಮಾಡಿಸಿದ್ದ.

ಅಂಗಡಿಯವನು ಸೂರ್ಯಕಾಂತಿ ಬೀಜ ಅಗಿಯುತ್ತಿದ್ದ. ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದ.

“ಯಜಮಾನ್ರು ಬರ್ತಾ ಇದಾರಾ?”

“ಇಲ್ಲ.”

“ಗಾಡಿ ಬಿಟ್ಟು ಹೋದ್ರಾ?”

“ನಾನೇ ತಂದೆ.”

ಅವನು ಬೈಕನ್ನು ನೋಡಿದ, ನನ್ನ ಎತ್ತರ ನೋಡಿದ, ಸಿಪ್ಪೆಯನ್ನು ಲೋಟಕ್ಕೆ ಉಗುಳಿದ. “ಎರಡೂ ಬದಲಾಯಿಸ್ಬೇಕು. ಹಿಂದೆ ಹೊಸದು ಮುಂದೆ ಹಳೇದು ಅಂದ್ರೆ ಒಂದರ ಮಾತು ಇನ್ನೊಂದು ಕೇಳಲ್ಲ. ಗಟ್ಟಿದು ಇದೆ, ತುಂಬ ಬಾಳುತ್ತೆ. ಮೆತ್ತಂದು ಇದೆ, ರಸ್ತೆ ಕಚ್ಚಿ ಹಿಡಿಯುತ್ತೆ, ಬೇಗ ಹೋಗುತ್ತೆ. ಎರಡೂ ಈ ತೂಕ ಹೊರುತ್ವೆ.”

“ತಿರುವಿಗೆ ಯಾವ್ದು?”

“ಮೆತ್ತಂದು. ಆದ್ರೆ ಹೆಂಗಸ್ರು ಸಾಮಾನ್ಯ ಬಾಳಿಕೆ ನೋಡ್ತಾರೆ.”

“ಬಾಳಿಕೆ ನೋಡಿದ್ದಾಯ್ತು,” ಎಂದೆ. “ಮೆತ್ತಂದು ಹಾಕಿ.”

ಅವನು ಚೀಟಿ ತೆಗೆದುಕೊಂಡ. “ಒಬ್ಬರೇ ಓಡಿಸ್ತೀರೋ, ಇಬ್ರು ಕೂರ್ತೀರೋ?”

“ಯಾಕೆ?”

“ಗಾಳಿ ಹಾಕೋಕೆ. ಹಿಂದಿನ ಸ್ಪ್ರಿಂಗೂ ಅದಕ್ಕೆ ತಕ್ಕ ಹಾಗೆ ತಿರುಗಿಸ್ಬೇಕು. ಈಗ ಇಬ್ಬರ ಲೆಕ್ಕಕ್ಕಿದೆ.”

ಪಾದ್ರಿ, ವಕೀಲ, ನನ್ನ ತಾಯಿ, ಎಲ್ಲರೂ ನನ್ನ ಸ್ಥಿತಿಯ ಬಗ್ಗೆ ಸುತ್ತಿ ಬಳಸಿ ಮಾತಾಡಿದ್ದರು. ಈ ಮನುಷ್ಯ ಬೀಜ ಅಗಿಯುತ್ತ, ಪೆನ್ನು ಬರುತ್ತಿಲ್ಲವೆಂದು ಕೊಡವುತ್ತ ಕೇಳುತ್ತಿದ್ದ. ಉತ್ತರ ಒಂದೇ ಮಾತಿನದು.

“ಒಬ್ಬರು,” ಎಂದೆ.

“ಸರಿ. ಹಳೇ ಟೈರು ಬಿಸಾಕ್ಲಾ? ಕೆಲವ್ರು ಅದ್ರಲ್ಲಿ ಹೂವಿನ ಗಿಡ ನೆಡ್ತಾರೆ.”

“ಹಿಂದಿಂದು ಕೊಡಿ.”

ಅದನ್ನು ಹಿಂದಿನ ಸೀಟಿಗೆ ಪಟ್ಟಿ ಎಳೆದು ಕಟ್ಟಿದ. “ಹೊಸ ಟೈರು, ಮೇಲೆ ನುಣುಪಿರುತ್ತೆ. ಮೊದಲ ನೂರು ಮೈಲಿ ಹುಷಾರು. ನಿಧಾನಕ್ಕೆ, ಸ್ವಲ್ಪ ಸ್ವಲ್ಪ ವಾಲಿಸಿ ಉಜ್ಜಿಸ್ಬೇಕು.”

ನೇರ ರಸ್ತೆ ಹಿಡಿಯದೆ ಸೇತುವೆ ದಾಟಿ ಗುಡ್ಡಗಳ ಕಡೆ ಹೋದೆ. ಅಲ್ಲಿ ರಸ್ತೆ ಒಂದೇ ಕಡೆಗೆ ಹೋಗುವುದಿಲ್ಲ, ಬರೀ ತಿರುವು. ಮೊದಲ ಸುತ್ತಿನಲ್ಲಿ ಹೆದರಿಕೊಂಡು ಹೋದೆ. ಮರುದಿನ ಹೋದಾಗ ಹೆದರಿಕೆ ಸ್ವಲ್ಪ ಕಡಿಮೆಯಿತ್ತು. ನೋಡಿದ ಕಡೆಗೆ ಬೈಕು ವಾಲುತ್ತಿತ್ತು, ನಡುವೆ ಮೆಟ್ಟಿಲಿರಲಿಲ್ಲ. ಟ್ರೆಂಟನ ಟೈರು ಎರಡು ದಿನವೂ ಹಿಂದಿನ ಸೀಟಿನಲ್ಲೇ ಇತ್ತು. ಬಿಚ್ಚಿಡಬಹುದಿತ್ತು. ಬಿಚ್ಚಲಿಲ್ಲ.

ಶನಿವಾರ ಬೆಳಿಗ್ಗೆ ಅದನ್ನು ಬಿಚ್ಚಿ ಗ್ಯಾರೇಜಿನ ಗೋಡೆಗೆ ಒರಗಿಸಿದೆ. ಡ್ವೇನ್ ಡಾರ್ಲಾಳ ಜೊತೆ ಅವಳ ಕಾರಿನಲ್ಲಿ ಬಂದ, ಕಾರಿನ ಟೈರನ್ನು ಹೆಗಲಿಗೆ ಹಾಕಿಕೊಂಡು ಇಳಿದ. ಅಷ್ಟರಲ್ಲಿ ಕ್ಲಬ್ಬಿನ ಏಳೆಂಟು ಬೈಕುಗಳು ನಮ್ಮ ಮನೆಯ ಮುಂದೆ ಬಂದು ನಿಂತಿದ್ದವು. ಮೈಲೋ ಆಗಲೇ ನನ್ನ ಹಿಂದಿನ ಚಕ್ರದ ಮುಂದೆ ಮಂಡಿಯೂರಿದ್ದ.

“ಹೊಸ ಟೈರು!” ಎಂದ ಡ್ವೇನ್. “ಯಾರನ್ನ ಕೇಳಿ ಹಾಕಿಸ್ದೆ? ಹೊಸ ಟೈರು ಜಾರುತ್ತೆ, ಗೊತ್ತಾ ನಿಂಗೆ? ಅದನ್ನ ಪಳಗಿಸ್ಬೇಕು. ಅದಕ್ಕೆಲ್ಲ ಅನುಭವ ಇರೋರು...”

“ಪಳಗಿದೆ,” ಎಂದ ಮೈಲೋ. ಹೆಬ್ಬೆರಳನ್ನು ಟೈರಿನ ಅಂಚಿನ ಮೇಲೆ ಎಳೆದ. ಇನ್ನೊಂದು ಬದಿಗೆ ತೆವಳಿ ಅಲ್ಲೂ ಎಳೆದ. ಎದ್ದು ನಿಂತು ನನ್ನನ್ನು ನೋಡಿದ, ಆಮೇಲೆ ನಗಲು ಶುರು ಮಾಡಿದ. “ಅಂಚಲ್ಲಿ ಒಂದು ಕೂದಲು ಉಳಿದಿಲ್ಲಪ್ಪೋ! ಬನ್ರೋ, ನೋಡ್ಬನ್ನಿ!”

ಅವರೆಲ್ಲ ಬಂದು ನೋಡಿದರು. ನೋಡಿ, ತಮ್ಮ ತಮ್ಮ ಬೈಕಿನ ಹಿಂದಿನ ಚಕ್ರಗಳಿಗೆ ಅಡ್ಡವಾಗಿ ನಿಂತುಕೊಂಡರು.

“ಸರಿ ಬಿಡು,” ಎಂದ ಡ್ವೇನ್, ಟೈರನ್ನು ಕೆಳಗಿಳಿಸದೆ. “ಕೀ ಕೊಡು. ಹೊತ್ತಾಯ್ತು.”

“ನಾನು ಓಡಿಸ್ತೀನಿ.”

“ಸತ್ತೋನ ಗಾಡಿ ನಾಯಕ ಓಡಿಸೋದು ಕಣಮ್ಮ. ಪದ್ಧತಿ ಅದು.”

“ನೀವು ನಿಮ್ಮ ಬೈಕಲ್ಲಿ ನನ್ನ ಪಕ್ಕ ಬನ್ನಿ,” ಎಂದೆ. “ಬೇಡ ಅನ್ನಲ್ಲ.”

ಡ್ವೇನ್ ತನ್ನ ಬೈಕು ಮಾರಿದ್ದು ಎಲ್ಲರಿಗೂ ಗೊತ್ತಿತ್ತು, ಯಾಕೆ ಮಾರಿದನೆಂಬುದೂ ಗೊತ್ತಿತ್ತು. ಕೆಲವರು ಹೆಲ್ಮೆಟ್ಟಿನ ಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಬಿಗಿದುಕೊಂಡರು.

“ಹಿಂದೆ ಕೂತ್ಕೊಂಡು ಹೋಗೋ ಡ್ವೇನ್,” ಎಂದ ಮೈಲೋ. “ಅಳೋದು ನಾವು ಹೇಳ್ಕೊಡ್ತೀವಿ.”

ಡ್ವೇನ್ ಹಿಂದಿನ ಸೀಟನ್ನು ನೋಡಿದ. ಆ ಮೆತ್ತನೆಯ ಸೀಟನ್ನು ಅವನು ನಿಜವಾಗಿಯೂ ಒಂದು ಕ್ಷಣ ಅಳೆಯುತ್ತಿದ್ದ.

“ಆಗಲ್ಲ,” ಎಂದೆ. “ಗಾಳಿ ಒಬ್ಬರ ಲೆಕ್ಕಕ್ಕೆ ಹಾಕ್ಸಿದೀನಿ.”

ಗೋಡೆಗೆ ಒರಗಿದ್ದ ಟ್ರೆಂಟನ ಟೈರನ್ನು ಉರುಳಿಸಿಕೊಂಡು ಹೋಗಿ ಡಾರ್ಲಾಳ ಕಾರಿನ ಹಿಂದೆ ನಿಲ್ಲಿಸಿದೆ. “ಇದನ್ನ ಕ್ಲಬ್ಬಿನ ಗೋಡೆಗೆ ತೂಗುಹಾಕಿ,” ಎಂದೆ. “ನೆನಪಿಗೆ.” ಅದು ಅಣಕವೋ ಅಲ್ಲವೋ ಡಾರ್ಲಾಳಿಗೆ ತಿಳಿಯಲಿಲ್ಲ. ನನಗೂ ಪೂರ್ತಿ ತಿಳಿಯಲಿಲ್ಲ. ಅವಳು ಡಿಕ್ಕಿ ತೆಗೆದಳು. ಎರಡು ಟೈರೂ ಒಳಗೆ ಹೋದವು. ಡ್ವೇನ್ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ. ಬಿಲ್ಲೆಗಳ ಮೇಲೆ ಸೀಟ್ ಬೆಲ್ಟ್ ಬಂತು.

ಸ್ಯಾಂಡ್‌ವಿಚ್ ಅಂಗಡಿಗೆ ಹೋಗುವ ರಸ್ತೆ ನೇರ. ಸೇತುವೆಯವರೆಗೂ ಅದರಲ್ಲೇ ಹೋದೆ. ಕನ್ನಡಿಯಲ್ಲಿ ಬೈಕುಗಳ ಸಾಲು, ಕೊನೆಯಲ್ಲಿ ಡಾರ್ಲಾಳ ಕಾರು. ಸೇತುವೆಯಲ್ಲಿ ದೀಪ ಮಿನುಗಿಸಿ ಗುಡ್ಡದ ಕಡೆ ಹೊರಳಿದೆ. ಹಿಂದೆ ಯಾರೋ ಹಾರನ್ ಒತ್ತಿದರು. ಮೊದಲ ತಿರುವು ಬಂತು. ಬೈಕು ವಾಲಿತು, ಕನ್ನಡಿಯಲ್ಲಿದ್ದವರೆಲ್ಲ ಒಂದು ಕಡೆಗೆ ಜಾರಿ ಹೋದರು. ಆಮೇಲೆ ಅದರಲ್ಲಿ ಬರೀ ಹುಲ್ಲು ಕಾಣುತ್ತಿತ್ತು.